ಬಿಸಿ ಇದ್ದಾಗ ಮೂವತ್ತು

ಮಹಮ್ಮದ ಹೆಗಲ ಮೇಲಿನ ಶಾಲನ್ನು ಎಡಗೈಯಿಂದ ಎಳೆದುಕೊಂಡು, ಕಾಲ ಬುಡದಲ್ಲಿ ಬಿದ್ದಿದ್ದ ಹಳೆಯ ಬೈಕ್ ಟಯರಿಗೆ ಸುತ್ತತೊಡಗಿದಾಗ ಅವನ ಹೆಂಡತಿ ಖುರ್ಷಿದಬೇಗಂ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು ಎದ್ದು ಬಂದಳು. ಜನವರಿಯ ಬೆಳಗು. ಭೀಮೆಯ ಕಡೆಯಿಂದ ಬೀಸುವ ಗಾಳಿ ಅವರ ಟಯರಿನ ಅಂಗಡಿಯ ತಗಡಿನ ಬಾಗಿಲನ್ನು ಆಗಾಗ ಅಲುಗಿಸುತ್ತಿತ್ತು. ಅಫಜಲಪುರದ ಆ ರಸ್ತೆಯಲ್ಲಿ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಹೋಗುತ್ತಿದ್ದವು.

"ಥಂಡಿ ಅದರಿ, ಹೊದ್ಕೋರಿ," ಎಂದು ಆಕೆ ಶಾಲು ಬಿಚ್ಚಲು ಹೋದಳು.

ಮಹಮ್ಮದ ಆಕೆಯ ಕೈ ಸರಿಸಿದ. "ಚಲೋ," ಎಂದ. ಮತ್ತೆ ಜೋರಾಗಿ, "ಚಲೋ!"

ಎರಡು ವರ್ಷದ ಹಿಂದೆ ಲಕ್ವ ಹೊಡೆದಾಗ ಅವನ ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೆ ಹೋಗಿದ್ದವು. ಕಾಲು ಅರ್ಧ ಮರಳಿತು. ಮಾತಿನಲ್ಲಿ ಮರಳಿದ್ದು ಇದೊಂದೇ ಶಬ್ದ. ಹಸಿವಾದರೂ ಚಲೋ, ಬೇಡವೆಂದರೂ ಚಲೋ, ಸಿಟ್ಟು ಬಂದರೂ ಚಲೋ. ಅದನ್ನು ಅವನು ಎಳೆದು ಅಂದನೋ ಕಡಿದು ಅಂದನೋ ನೋಡಿ ಖುರ್ಷಿದಬೇಗಂ ಅರ್ಥ ಮಾಡಿಕೊಳ್ಳುತ್ತಿದ್ದಳು. ಈ ಸಲ ಅರ್ಥವಾಗಲಿಲ್ಲ.

ಅವನೆದುರು ಸೃಷ್ಟಿ ಕುಕ್ಕರುಗಾಲಿನಲ್ಲಿ ಕೂತಿದ್ದಳು. ತಾಲೂಕು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಹುಡುಗಿ. ಅತನೂರಿನ ತೊಗರಿ ವ್ಯಾಪಾರಿ ಶಿವರಾಯನ ಮಗಳು. ಇಪ್ಪತ್ತೇಳು ವರ್ಷ. ಮಹಮ್ಮದನನ್ನು ಆಟೋದಲ್ಲಿ ಕೂರಿಸಿ ಆಸ್ಪತ್ರೆಗೆ ಒಯ್ಯುವುದು ಕಷ್ಟವೆಂದು ತಿಳಿದ ದಿನದಿಂದ, ಪ್ರತಿ ತಿಂಗಳು ಡ್ಯೂಟಿಗೆ ಹೋಗುವ ಮೊದಲು ತಾನೇ ಮನೆಗೆ ಬಂದು ರಕ್ತ ತೆಗೆದುಕೊಂಡು ಹೋಗುತ್ತಿದ್ದಳು. ಯಾರೂ ಅವಳಿಗೆ ಹಾಗೆ ಮಾಡು ಅಂದಿರಲಿಲ್ಲ. ಹಾಗೆ ಬಂದಾಗಲೇ ಒಂದು ದಿನ ಗೋಡೆಯ ಮೇಲಿನ ಫೋಟೊ ನೋಡಿದ್ದು: ಆಳೆತ್ತರ ಪೇರಿಸಿದ ಟಯರುಗಳ ಪಕ್ಕದಲ್ಲಿ ನೀಲಿ ಅಂಗಿಯ ಮಹಮ್ಮದ, ಹಿಂದೆ ಚೆನ್ನೈ ಹತ್ತಿರದ ರೇಸ್ ಟ್ರ್ಯಾಕು. ಹದಿನಾರು ವರ್ಷ ಅವನು ಅಲ್ಲಿ ರೇಸಿನ ಬೈಕುಗಳಿಗೆ ಟಯರು ಹಾಕುವ ಕೆಲಸ ಮಾಡಿದ್ದ. ಊರಿಗೆ ಬಂದು ಅಂಗಡಿ ತೆರೆದದ್ದು ಆಮೇಲೆ.

ಈಗ ಅದೇ ಟ್ರ್ಯಾಕಿಗೆ ಸೃಷ್ಟಿ ಹೋಗುವವಳಿದ್ದಳು.

"ರೇಸ್ ಅಲ್ರಿ ಚಾಚಿ," ಎಂದು ಅವಳು ಬಂದ ಕೂಡಲೇ ಖುರ್ಷಿದಬೇಗಂಗೆ ಹೇಳಿದ್ದಳು. "ಯಾರೂ ಗೆಲ್ಲೂದಿಲ್ಲ, ಯಾರೂ ಸೋಲೂದಿಲ್ಲ. ಒಂದು ದಿನ ಟ್ರ್ಯಾಕ್ ನಮಗ ಬಿಟ್ಟು ಕೊಡ್ತಾರ. ಇಪ್ಪತ್ತಿಪ್ಪತ್ತು ನಿಮಿಷದಂಗ ಐದು ಸಲ ಗಾಡಿ ಹೊಡೀಬೇಕು. ಎದುರಿಗಿ ಎಮ್ಮಿ ಬರೂದಿಲ್ಲ, ಕಬ್ಬಿನ ಟ್ರಾಲಿ ಬರೂದಿಲ್ಲ. ನನ್ನ ಗಾಡಿ ಎಷ್ಟು ಓಡ್ತದ, ನಾ ಎಷ್ಟು ಓಡಸ್ತೇನಿ ಅಂತ ಒಮ್ಮೆರ ನೋಡಬೇಕಲ್ರಿ."

ಮೂರು ವರ್ಷದ ಸಂಬಳದಲ್ಲಿ ಉಳಿಸಿ, ಸೊಲ್ಲಾಪುರದಲ್ಲಿ ಒಬ್ಬರು ಓಡಿಸಿ ಬಿಟ್ಟ ಮುನ್ನೂರು ಸಿಸಿಯ ಬೈಕು ಕೊಂಡಿದ್ದಳು. ಅದರ ಟಯರುಗಳು ನಡುವೆ ಸವೆದು ಚಪ್ಪಟೆಯಾಗಿದ್ದವು. ಹೊಸದಾಗಿ ಯಾವುದನ್ನು ಹಾಕಬೇಕೆಂದು ಕೇಳಿ ಫೋನಿನಲ್ಲಿ ಮೂರು ಜಾತಿಯವನ್ನು ಮಹಮ್ಮದನಿಗೆ ತೋರಿಸಿದ್ದಳು. ಒಂದು, ರೇಸಿನವರು ಹಾಕುವಂಥದ್ದು. ಮೈಮೇಲೆ ಒಂದು ಗೆರೆಯೂ ಇಲ್ಲದ ನುಣುಪು ಟಯರು. ಎರಡನೆಯದರಲ್ಲಿ ಅಲ್ಲೊಂದು ಇಲ್ಲೊಂದು ಗೆರೆ. ಮೂರನೆಯದು ಗಟ್ಟಿ ರಬ್ಬರಿನದು, ವರ್ಷಗಟ್ಟಲೆ ರಸ್ತೆಗೆ ಬಾಳುವುದು. ಸೃಷ್ಟಿಯ ಮನಸ್ಸು ಮೊದಲನೆಯದರ ಮೇಲೆಯೇ ಇತ್ತು. ಅದನ್ನು ನೋಡಿ ಮಹಮ್ಮದ "ಚಲೋ" ಅಂದಾಗ ಅವಳು ಒಪ್ಪಿಗೆಯಾಯಿತೆಂದು ನಕ್ಕಿದ್ದಳು.

"ಅದು ಆ ಚಲೋ ಅಲ್ಲ ಬೇಟಿ," ಎಂದಿದ್ದಳು ಖುರ್ಷಿದಬೇಗಂ. ಆಮೇಲೆಯೇ ಅವನು ಈ ಶಾಲು ಸುತ್ತಲು ಹೊರಟದ್ದು.

"ತಡೀರಿ ಚಾಚಿ, ಬಿಚ್ಚಬ್ಯಾಡ್ರಿ." ಸೃಷ್ಟಿ ಮುಂದೆ ಬಾಗಿದಳು. ಮಹಮ್ಮದ ಟಯರಿಗೆ ಸುತ್ತಿದ ಶಾಲಿನ ಮೇಲೆ ಅಂಗೈಯಿಟ್ಟು ತಟ್ಟನೆ ಹಿಂದೆಗೆದ, ರೊಟ್ಟಿಯ ಹಂಚು ಮುಟ್ಟಿದವನಂತೆ. "ಹೊದಿಕಿ! ಟಾಯರ್ ಬಿಸಿ ಮಾಡೋ ಕರೆಂಟಿನ ಹೊದಿಕಿ. ರೇಸಿನವರು ಗಾಡಿ ತಗಿಯೂಕಿಂತ ಮುಂಚೆ ಸುತ್ತಿಟ್ಟಿರ್ತಾರ. ಹೌದಲ್ರಿ ಚಾಚಾ?"

ಮಹಮ್ಮದ ತೊಡೆ ತಟ್ಟಿಕೊಂಡ. ಬೆರಳನ್ನು ಅವಳ ಕಡೆ ಮಾಡಿ, ಆಮೇಲೆ ಖಾಲಿ ಅಂಗೈ ಚಾಚಿದ. ನಿನ್ನ ಹತ್ತಿರ ಇದೆಯೇ?

"ಇಲ್ರಿ," ಎಂದಳು ಸೃಷ್ಟಿ.

ಅವನು ಫೋನಿನ ಮೇಲೆ ಬೆರಳು ಸರಿಸಿ ನುಣುಪು ಟಯರನ್ನು ಆಚೆ ದೂಡಿದ. ಹೊದಿಕೆ ಇಲ್ಲದೆ ಅದು ಬಿಸಿಯಾಗುವುದಿಲ್ಲ, ಬಿಸಿಯಾಗದೆ ನೆಲ ಹಿಡಿಯುವುದಿಲ್ಲ. ಮೊದಲ ಸಲ ಓಡಿಸುವವರ ವೇಗಕ್ಕೆ ಅದು ಬಗ್ಗುವ ಟಯರಲ್ಲ. ಕಾದು ಆರಿ, ಕಾದು ಆರಿ, ನಾಲ್ಕು ಸಲಕ್ಕೆ ಕಲ್ಲಾಗಿಬಿಡುತ್ತದೆ. ಅಲ್ಲದೆ ಚೆನ್ನೈಯ ರೈಲು ಸ್ಟೇಷನ್ನಿನಿಂದ ಟ್ರ್ಯಾಕಿನವರೆಗೆ ರಸ್ತೆಯಲ್ಲೇ ಓಡಿಸಿಕೊಂಡು ಹೋಗಬೇಕು. ದಾರಿಯಲ್ಲಿ ಎಲ್ಲಾದರೂ ನೀರು ಚೆಲ್ಲಿದ್ದರೆ ಗೆರೆಯಿಲ್ಲದ ಟಯರು ಜಾರಿಯೇ ಬಿಡುತ್ತದೆ. ಇಷ್ಟನ್ನೂ ಅವನು ಅರ್ಧ ಗಂಟೆ ಶಾಲು, ಕೈ, ಹುಬ್ಬು, ಬಕೆಟ್ಟಿನ ನೀರು ಇವುಗಳಿಂದ ಹೇಳಿದ. ಸೃಷ್ಟಿ ಒಂದೊಂದನ್ನೇ ಬಾಯಿಬಿಟ್ಟು ಅಂದು, ಸರಿಯಾದರೆ ಅವನು ತೊಡೆ ತಟ್ಟಿಕೊಳ್ಳುವುದನ್ನು ನೋಡಿಕೊಂಡು, ತಪ್ಪಾದರೆ ಕಡಿದ "ಚಲೋ" ಕೇಳಿಸಿಕೊಂಡು ಮುಂದೆ ಹೋದಳು. ಮೂರನೆಯ ಗಟ್ಟಿ ಟಯರಿಗೂ ಅವನು ಬೇಡವೆಂದು ತಲೆಯಾಡಿಸಿದ. ಕೊನೆಗೆ ಬೆರಳು ನಡುವಿನದರ ಮೇಲೆ ನಿಂತಿತು.

"ಗಾಳಿ ಎಷ್ಟು ಹಾಕ್ಲಿ?" ಎಂದು ಸೃಷ್ಟಿ ಕೇಳಿದಳು.

ಪಂಕ್ಚರಿನ ತೂತಿಗೆ ಗುರುತು ಮಾಡುವ ಸೀಮೆಸುಣ್ಣದ ತುಂಡು ಬಾಗಿಲ ಬಳಿ ಬಿದ್ದಿತ್ತು. ಮಹಮ್ಮದ ಅದನ್ನು ತೋರಿಸಿದ. ಸೃಷ್ಟಿ ಎತ್ತಿಕೊಟ್ಟಳು. ಅವನು ಕುರ್ಚಿಯಿಂದ ಬಾಗಿ, ಎಡಗೈಯಲ್ಲಿ, ಕಲಿಯುವ ಮಕ್ಕಳಂತೆ ಸೊಟ್ಟಗೆ, ನೆಲದ ಮೇಲೆ 32 ಎಂದು ಬರೆದ. ಅದರ ಕೆಳಗೆ 30. ಎರಡರ ಪಕ್ಕದಲ್ಲೂ ಕೈ ನಡುಗಿದಂಥ ಒಂದೊಂದು ಡೊಂಕು ಗೆರೆ.

"ಮುಂದಿಂದು ಮೂವತ್ತೆರಡು, ಹಿಂದಿಂದು ಮೂವತ್ತು," ಎಂದು ಸೃಷ್ಟಿ ಫೋನಿನಲ್ಲಿ ಬರೆದುಕೊಂಡಳು.

ಖುರ್ಷಿದಬೇಗಂ ನೆಲದ ಮೇಲಿನ ಅಂಕಿಗಳನ್ನೇ ನೋಡುತ್ತ ನಿಂತಿದ್ದಳು. ಕಲಬುರಗಿಯ ಆಸ್ಪತ್ರೆಯಲ್ಲಿ ಅವನ ಎಡಗೈಗೆ ಪೆನ್ನು ಕೊಟ್ಟು ಹೆಸರು ಬರೆಯಿರಿ ಅಂದಿದ್ದರು. ಅವನಿಗೆ ಬರೆಯಲಾಗದೆ ಕಣ್ಣಲ್ಲಿ ನೀರು ಬಂದಿತ್ತು. ಅಂದಿನಿಂದ ಆಕೆ ಅವನ ಕೈಗೆ ಪೆನ್ನು ಕೊಟ್ಟಿರಲಿಲ್ಲ. ಅಂಕಿ ಉಳಿದಿರಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ಬಂಧುಗಳು ಅಂಗಡಿ ಬಾಡಿಗೆಗೆ ಕೊಡು ಅಂದಾಗ ಆಕೆ ಒಪ್ಪದೆ ತಾನೇ ಟ್ಯೂಬು ತೆಗೆಯಲು, ಮಷಿನ್ನಿಗೆ ಗಾಲಿ ಏರಿಸಲು ಕಲಿತಿದ್ದಳು. ಭಾರದ ಕೆಲಸಕ್ಕೆ ಹಳೆಯ ಆಳು ಬೀರಲಿಂಗಪ್ಪ ಇದ್ದ. ಟ್ರಾಲಿಯ ಟಯರಿಗೆ ಎಷ್ಟು ಗಾಳಿ ಎಂದು ತಿಳಿಯದಾಗ ಸೊಲ್ಲಾಪುರದ ಡೀಲರಿಗೆ ಫೋನು ಮಾಡುತ್ತಿದ್ದಳು. ಮಾಡುವಾಗೆಲ್ಲ ಮಹಮ್ಮದ ನಾಲ್ಕು ಹೆಜ್ಜೆ ಆಚೆ, ಗಿರಾಕಿಗಳ ಕಣ್ಣಿಗೆ ಬೀಳದಂತೆ ಟ್ಯೂಬುಗಳ ಮರೆಯಲ್ಲಿ ಆಕೆಯೇ ಹಾಕಿದ ಕುರ್ಚಿಯಲ್ಲಿ ಕೂತಿರುತ್ತಿದ್ದ.

ಆ ಸಂಜೆ ಆಕೆ ಸೃಷ್ಟಿಗೆ ಫೋನು ಮಾಡಿದಳು. "ಬೇಟಿ, ತಿಳದವರು ಯಾರಿಗಾದ್ರೂ ಇನ್ನೊಮ್ಮೆ ಕೇಳು. ಇವರಿಗಿ ಮೈಯಾಗ ಆರಾಮಿಲ್ಲ. ನಾಳಿಗಿ ಏನರ ಹೆಚ್ಚುಕಡಿಮಿ ಆದ್ರ, ನಿಮ್ಮವ್ವನ ಮುಂದ ನಾ ಹೆಂಗ ನಿಂದರ್ಲಿ?"

"ಚಾಚಿ, ನಾ ಮೊದಲ ಸಲ ನಿಮ್ಮನಿಗಿ ಬಂದಾಗ ಚಾಚಾಂದು ನರ ಸಿಗಲಿಲ್ಲ. ಎರಡು ಸಲ ಚುಚ್ಚಿದೆ, ಎರಡು ಸಲಾನೂ ತಪ್ಪಿತು. ನೆನಪದೇನ್ರಿ? ಅವರು ಸುಮ್ಮನ ಆ ಕೈ ತಗದು ಈ ಕೈ ಮುಂದ ಮಾಡಿದ್ರು. ನಾ ಇನ್ಯಾರಿಗೂ ಕೇಳೂದಿಲ್ರಿ."

ಸೊಲ್ಲಾಪುರದಿಂದ ಟಯರುಗಳು ಬಸ್ಸಿನ ಮೇಲೆ ಬಂದವು. ಅವನ್ನು ಹಾಕುವ ದಿನ ಸೃಷ್ಟಿಯ ತಾಯಿ ಗಂಗಾಬಾಯಿ ಅತನೂರಿನಿಂದ ಬಂದಳು. ಕೈಯಲ್ಲಿ ಹಸಿ ಕಡಲೆ ಗಿಡದ ಕಟ್ಟು. ಅದನ್ನು ಖುರ್ಷಿದಬೇಗಂ ಕೈಗಿಟ್ಟು, ಸ್ಟೂಲಿನ ತುದಿಯಲ್ಲಿ ಕೂತಳು. ಮಗಳು ಬೈಕಿನ ಬಳಿ ಇದ್ದಳು. ತಾಯಿ ಅವಳ ಕಡೆ ನೋಡದೆ ಮಾತಾಡಿದಳು.

"ಅಕಿ ಅಪ್ಪ ಹದಿನೈದು ದಿನಾ ಆತು ಅಕಿ ಜೋಡಿ ಮಾತು ಬಿಟ್ಟಾರ. ನಾ ಬಿಟ್ರ ಹೆಂಗ ನಡೀತದ್ರಿ? ಬ್ಯಾಡ ಅಂದೆ, ಕೇಳಲಿಲ್ಲ. ನನಗ ಗಾಡಿ ತಿಳೀದಿಲ್ಲ. ನೆಲಾ ಹಿಡಿಯೂದು ಟಾಯರ್ ಅನ್ನೂದಷ್ಟು ತಿಳೀತದ." ಆಕೆ ಮಹಮ್ಮದನ ಕಡೆ ತಿರುಗಿದಳು. ಅವನಿಗೆ ಮಾತು ಬರುವುದಿಲ್ಲವೆಂದು ಗೊತ್ತಿದ್ದೂ ನೇರವಾಗಿ ಅವನನ್ನೇ ಕೇಳಿದಳು. "ಇವು ಹಿಡೀತಾವೇನ್ರಿ ಭಾಯಿ?"

ಮಹಮ್ಮದ ಹೊಸ ಟಯರಿನ ಮೇಲೆ ಹೆಬ್ಬೆರಳು ಒತ್ತಿ ಉಜ್ಜಿದ, ಆಕೆಗೂ ಹಾಗೆ ಮಾಡಲು ಸನ್ನೆ ಮಾಡಿದ. ಗಂಗಾಬಾಯಿ ಸೆರಗಿಗೆ ಕೈ ಒರೆಸಿಕೊಂಡು ಮುಟ್ಟಿದಳು. ಬೆರಳು ಜಾರಿತು. ಅವನು ಇಲ್ಲವೆಂದು ತಲೆಯಾಡಿಸಿದ. ಗಂಗಾಬಾಯಿ ಕೈ ಹಿಂದೆಗೆದಳು. ಅವನು ಅಂಗೈಯನ್ನು ಬೈಕಿನಂತೆ ಮಾಡಿ ಎಡಕ್ಕೆ ಚೂರು, ಬಲಕ್ಕೆ ಚೂರು, ಮತ್ತೆ ಇನ್ನಷ್ಟು, ಮತ್ತೆ ಇನ್ನಷ್ಟು ವಾಲಿಸಿದ. ಸೀಮೆಸುಣ್ಣದಿಂದ 100 ಎಂದು ಬರೆದ.

"ಹೊಸಾ ಟಾಯರ್ ಮ್ಯಾಲ ಅಚ್ಚಿನ ಜಿಡ್ಡು ಇರ್ತದವ್ವ," ಎಂದು ಸೃಷ್ಟಿ ಬಿಡಿಸಿ ಹೇಳಿದಳು. "ನೂರು ಕಿಲೋಮೀಟರ್ ಮೆಲ್ಲಕ ಓಡಿಸಿ ಅದನ್ನ ಬಿಡಸಬೇಕು. ಅಲ್ಲೀತನಕ ಹಿಡೀದಿಲ್ಲ ಅಂತಾರ."

ಗಂಗಾಬಾಯಿ ಉಸಿರು ಬಿಟ್ಟಳು. "ಈಗ ಹಿಡೀದಿಲ್ಲ ಅಂತ ಹೇಳಿದ್ರಲ್ಲ, ಅದಕ್ಕ ಧೈರ್ಯ ಬಂತು ನೋಡ್ರಿ," ಎಂದಳು. "ಹಿಡೀತಾವ ಅಂತ ಒಮ್ಮಿಗೇ ಅಂದಿದ್ರ ನಾ ನಂಬತಿದ್ದಿಲ್ಲ."

ಖುರ್ಷಿದಬೇಗಂ ಗಾಲಿಗಳನ್ನು ಮಷಿನ್ನಿಗೆ ಏರಿಸಿದಳು. ಮಹಮ್ಮದ ಪಕ್ಕದಲ್ಲಿ ಕೂತು, ಟಯರಿನ ಮೇಲಿನ ಬಾಣದ ಗುರುತು ತಿರುಗುವ ದಿಕ್ಕಿಗಿದೆಯೋ ಎಂದು ಎರಡೆರಡು ಸಲ ಬೆರಳಿಟ್ಟು ನೋಡಿದ. ಆ ವಾರವೆಲ್ಲ ಸೃಷ್ಟಿ ಅತನೂರಿನಿಂದ ಡ್ಯೂಟಿಗೆ ಅದೇ ಬೈಕಿನಲ್ಲಿ ಬಂದು ಹೋದಳು. ಪ್ರತಿ ದಿನ ಅಂಗಡಿಯ ಮುಂದೆ ಒಂದು ನಿಮಿಷ ನಿಲ್ಲಿಸುವಳು. ಮಹಮ್ಮದ ಟಯರಿನ ಹೊಳಪು ಎಲ್ಲಿಯವರೆಗೆ ಹೋಗಿದೆ, ಎಷ್ಟು ಅಂಚು ಉಳಿದಿದೆ ಎಂದು ನೋಡಿ ಕಳಿಸುವನು. ಕುರ್ಚಿ ಆಗಲೇ ಟ್ಯೂಬುಗಳ ಮರೆಯಿಂದ ಈಚೆ, ಬಾಗಿಲಿಗೆ ಬಂದಿತ್ತು. ಗುರುವಾರ ಬೈಕನ್ನು ಕಲಬುರಗಿಯಿಂದ ರೈಲಿನ ಪಾರ್ಸೆಲ್ಲಿಗೆ ಹಾಕಿ ಸೃಷ್ಟಿ ಚೆನ್ನೈಗೆ ಹೋದಳು.

ಭಾನುವಾರ ಖುರ್ಷಿದಬೇಗಂಗೆ ಕೆಲಸದಲ್ಲಿ ಮನಸ್ಸಿರಲಿಲ್ಲ. ಗೊಬ್ಬೂರಿನ ಕಲ್ಯಾಣಪ್ಪ ತನ್ನ ಟ್ರ್ಯಾಕ್ಟರಿನ ಮುಂದಿನ ಟಯರು ಬದಲಿಸಲು ಬಂದಿದ್ದ. ಬೀರಲಿಂಗಪ್ಪ ಜಾಕಿ ಹಚ್ಚುತ್ತಿದ್ದ. ಹೊಟೇಲಿನಿಂದ ಎಲ್ಲರಿಗೂ ಚಹಾ ತರಿಸಿದ್ದರು. ಒಂದು ಗಂಟೆಯ ಹೊತ್ತಿಗೆ ಫೋನು ಬಂತು.

"ಚಾಚಿ, ಚಾಚಾ ಹತ್ರ ಅದಾರೇನ್ರಿ?" ಸೃಷ್ಟಿಯ ದನಿ ಸಣ್ಣಗಾಗಿತ್ತು. ಹಿಂದೆ ಎಂಜಿನ್ನುಗಳ ಸದ್ದು. "ಮೂರು ಸಲ ಹೋಗಿ ಬಂದೆ. ಎರಡನೇದಕ್ಕ ಹಿಂದಿನ ಗಾಲಿ ಸ್ವಲ್ಪ ಜಾರಿದಂಗ ಆಗಿತ್ತು. ಈಗ ಖರೇನ ಜಾರಿತು. ಬೀಳೂದ್ರಾಗ ಉಳದೇನಿ. ಟಾಯರಿನ ಅಂಚು ಹರದಂಗ ಆಗ್ಯಾದ. ಇಲ್ಲಿಯವರೆಲ್ಲ ಟಾಯರ್ ತಪ್ಪು ತಂದೀದಿ ಅನ್ನಾಕತ್ತಾರ. ಒಬ್ಬರು ತಮ್ಮ ನುಣುಪು ಟಾಯರ್ ಕೊಡ್ತೇನಿ, ಹಾಕ್ಕೋ ಅನ್ನಾಕತ್ತಾರ. ಫೋಟೊ ಕಳಸೇನಿ, ನೋಡ್ರಿ."

ಖುರ್ಷಿದಬೇಗಂ ಫೋನನ್ನು ಕಿವಿಗೆ ಒತ್ತಿ ಹಿಡಿದಳು. "ಬಂದ್ ಮಾಡು ಬೇಟಿ. ಗಾಡಿ ಬಾಜೂಕ ನಿಲ್ಲಸು. ಸಾಕು. ನನಗ ಮೊದಲೇ ಅನಿಸಿತ್ತು."

ಮಹಮ್ಮದ ಕೈ ಚಾಚಿದ್ದ. ಆಕೆ ನೋಡಿಯೂ ಕೊಡಲಿಲ್ಲ. ಅವನು ಕೈ ಹಾಗೇ ಚಾಚಿಕೊಂಡಿದ್ದ. ಕಲ್ಯಾಣಪ್ಪ ಚಹಾದ ಗ್ಲಾಸು ಹಿಡಿದು ಇಬ್ಬರನ್ನೂ ನೋಡುತ್ತಿದ್ದ. ಕೊನೆಗೆ ಆಕೆ ಫೋನು ಅವನ ಕೈಗಿಟ್ಟಳು.

ಅವನು ಫೋಟೊವನ್ನು ದೊಡ್ಡದು ಮಾಡಿ ಕಣ್ಣಿನ ಹತ್ತಿರ ಹಿಡಿದ. ಟಯರಿನ ಎಡ ಅಂಚಿನಲ್ಲಿ ರಬ್ಬರು ಆಳವಾಗಿ, ಚಾಕುವಿನಿಂದ ಕೆತ್ತಿದ ಹಾಗೆ ಹರಿದಿತ್ತು. ಅವನ ಮುಖದಲ್ಲಿ ಗಾಬರಿ ಇರಲಿಲ್ಲ. ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೆ 30 ಎಂದು ಬರೆದು, ಅದರ ಮುಂದೆ ಒಂದು ಪ್ರಶ್ನೆ ಚಿಹ್ನೆ ಹಾಕಿದ.

"ಹಿಂದ ಗಾಳಿ ಎಷ್ಟದ ಅಂತ ಕೇಳ್ತಾರ," ಎಂದಳು ಖುರ್ಷಿದಬೇಗಂ ಫೋನಿಗೆ.

"ಅವರು ಹೇಳಿದಷ್ಟೇ ರೀ. ಮುಂಜಾನೆ ಮೂವತ್ತು ಹಾಕೇನಿ."

ಮಹಮ್ಮದ ಅಲ್ಲವೆಂದು ಜೋರಾಗಿ ತಲೆಯಾಡಿಸಿದ. 30ರ ಪಕ್ಕ ಒಂದು ಡೊಂಕು ಗೆರೆ ಎಳೆದ. ಅದರ ಪಕ್ಕ ಇನ್ನೊಂದು. ಇನ್ನೊಂದು. ಎಳೆದೆಳೆದು ಖುರ್ಷಿದಬೇಗಂ ಮುಖ ನೋಡಿದ. ಹಿಂದಿನ ಸಲವೂ ಅಂಕಿಗಳ ಪಕ್ಕ ಈ ಗೆರೆಗಳಿದ್ದವು. ಕೈ ನಡುಗಿದ್ದೆಂದು ಆಕೆ ಅಂದುಕೊಂಡಿದ್ದಳು. ಸಂಜೆ ಕಸಗುಡಿಸುವಾಗ ಅಳಿಸಿಹಾಕಿದ್ದಳು.

"ಇದೇನ್ರಿ? ಹಾದಿ ಏನು? ಹಾವಿನಂಗ ಅದ. ತಿರುವೇನು?"

"ಚಲೋ," ಎಂದು ಅವನು ಕಡಿದು ಅಂದ. ಸೀಮೆಸುಣ್ಣ ಒಗೆದ. ಸುತ್ತ ನೋಡಿದ. ಕಲ್ಯಾಣಪ್ಪನ ಕೈಯಲ್ಲಿದ್ದ ಗ್ಲಾಸಿನ ಮೇಲೆ ಅವನ ಕಣ್ಣು ನಿಂತಿತು. ಕೈ ಚಾಚಿ ಅದನ್ನು ಇಸಿದುಕೊಂಡು, ಚಹಾ ತುಳುಕುತ್ತಿದ್ದಂತೆಯೇ ಬಾಗಿ, ನೆಲದ ಮೇಲಿನ 30ರ ಮೇಲೆ ಕುಕ್ಕಿದ. ಹೊಗೆಯಾಡುತ್ತಿದ್ದ ಗ್ಲಾಸನ್ನು ಬೆರಳಿನಿಂದ ತೋರಿಸಿದ. ಆ ಬೆರಳನ್ನೇ ಮೇಲಕ್ಕೆ, ಡೊಂಕು ಡೊಂಕಾಗಿ, ಹೊಗೆ ಏಳುವ ಹಾಗೆ ಒಯ್ದ.

ಖುರ್ಷಿದಬೇಗಂ ಒಂದು ಗಳಿಗೆ ಹೊಗೆಯನ್ನೇ ನೋಡಿದಳು.

"ಬಿಸಿ," ಎಂದಳು. "ಬಿಸಿ ಅದು. ಯಾ ಅಲ್ಲಾ, ಬಿಸಿ ಇದ್ದಾಗ ಮೂವತ್ತು. ಬೇಟಿ, ಕೇಳ್ತದೇನು? ಮುಂಜಾನೆ ತಣ್ಣಗಿದ್ದಾಗ ಅಲ್ಲ. ಓಡಿಸಿಕೊಂಡು ಬಂದ ಕೂಡಲೇ, ಬಿಸಿ ಇದ್ದಾಗ ಮೀಟರ್ ಹಚ್ಚು. ಆವಾಗ ಮೂವತ್ತು ಇರಬೇಕು. ಈಗ ಎಷ್ಟದ ನೋಡು."

ಆ ಕಡೆ ಹೆಜ್ಜೆಯ ಸದ್ದು, ಮೀಟರಿನ ಚಿಸ್ಸೆಂಬ ಸದ್ದು. "ಮೂವತ್ತಾರು ಅದ ಚಾಚಿ," ಎಂದಳು ಸೃಷ್ಟಿ. "ಇನ್ನೂ ಬಿಸಿನೇ ಅದ. ಮೂವತ್ತಾರು."

ಕಾದ ಮೇಲೆ ಒಳಗಿನ ಗಾಳಿಯ ಒತ್ತಡ ಹೆಚ್ಚಾಗಿ ಟಯರು ಬಿರುಸಾಗಿ ನಿಂತಿತ್ತು. ನೆಲಕ್ಕೆ ಒತ್ತಿಕೊಂಡು ಬಗ್ಗಬೇಕಾದ ರಬ್ಬರು ಬಗ್ಗಲಿಲ್ಲ. ಜಾರಿ ಉಜ್ಜಿ, ಮೇಲ್ಮೈ ಅತಿಯಾಗಿ ಕಾದು ಹರಿದಿತ್ತು. ಟಯರಿನ ತಪ್ಪಿರಲಿಲ್ಲ. ಮಹಮ್ಮದ ಬಗ್ಗಿಸಿದ ಅಂಗೈಯನ್ನು ತೊಡೆಯ ಮೇಲೆ ಒತ್ತಿ ತೋರಿಸಿದ್ದನ್ನು ಖುರ್ಷಿದಬೇಗಂ ಹಾಗೆಯೇ ಫೋನಿಗೆ ಹೇಳಿದಳು. ನುಣುಪು ಟಯರು ಕೊಡುತ್ತೇನೆಂದವರಿಗೆ ಕೈ ಮುಗಿದು ಬೇಡವೆನ್ನು ಎಂದಳು. ಮುಂದಿನ ಗಾಲಿಯದನ್ನೂ ಬಿಸಿಯಿದ್ದಾಗಲೇ ಮೂವತ್ತೆರಡಕ್ಕೆ ಇಳಿಸು, ಮೊದಲ ಎರಡು ಸುತ್ತು ಮೆಲ್ಲಗೆ ಹೋಗು ಎಂದಳು. ಹೇಳುತ್ತ ಹೇಳುತ್ತ ಅದು ಅವನ ಮಾತೋ ತನ್ನ ಮಾತೋ ಎಂಬುದು ಆಕೆಗೆ ತಿಳಿಯದಾಯಿತು.

ಆಕೆ ಫೋನಿಟ್ಟಳು. ಕಲ್ಯಾಣಪ್ಪನ ಚಹಾ ನೆಲದ ಮೇಲೆ ಆರುತ್ತಿತ್ತು. ಅವನು ಎದ್ದು, ಬಿಚ್ಚಿಟ್ಟ ತನ್ನ ಟಯರನ್ನು ಉರುಳಿಸಿಕೊಂಡು ಬಂದು ಮಹಮ್ಮದನ ಮುಂದೆ ನಿಲ್ಲಿಸಿದ.

"ಮಹಮ್ಮದ ಭಾಯಿ, ಇದಕ್ಕೇನಾಗ್ಯಾದ ನೋಡ್ರಿ. ವರ್ಷದಾಗ ಎರಡನೇದು. ಹೊರಮಗ್ಗಲು ಒಂದೇ ಸವೀತದ."

ಮಹಮ್ಮದ ಟಯರಿನ ಮೇಲೆ ಅಂಗೈಯನ್ನು ಒಳಗಿನಿಂದ ಹೊರಕ್ಕೆ ಸವರಿದ, ಹೊರಗಿನಿಂದ ಒಳಕ್ಕೆ ಸವರಿದ. ಆಮೇಲೆ ಸೀಮೆಸುಣ್ಣ ಹುಡುಕಿ ನೆಲದ ಮೇಲೆ ಎರಡು ಗೆರೆ ಎಳೆದ, ಮುಂದೆ ಹೋಗುತ್ತ ಒಂದಕ್ಕೊಂದು ಹತ್ತಿರವಾಗುವಂತೆ. ಬೀರಲಿಂಗಪ್ಪ ಅದನ್ನು ನೋಡಿ, "ಗಾಲಿ ಒಳಗ ತಿರಗ್ಯಾವು ಅಂತಾರ. ಎರಡೂ ಗಾಲಿ ಜೋಡಸೋ ರಾಡ್ ಸರಿ ಮಾಡಬೇಕಂತ," ಎಂದ. ಕಲ್ಯಾಣಪ್ಪ ನೆಲದ ಮೇಲಿನ ಗೆರೆಗಳನ್ನು ನೋಡಿ, ಟ್ರ್ಯಾಕ್ಟರಿನ ಗಾಲಿಗಳನ್ನು ನೋಡಿ, "ಹೌದಲ್ಲೋ," ಎಂದ. "ಎರಡು ವರ್ಷ ಆತು, ನಾ ಬರೀ ಟಾಯರ್ ಬದಲಸಾಕತ್ತೇನಿ."

ಐದೂವರೆಗೆ ಸೃಷ್ಟಿಯ ಫೋನು ಬಂತು. ಉಳಿದ ಎರಡು ಸಲವೂ ಹೋಗಿಬಂದಳಂತೆ. "ಬಿದ್ದಿಲ್ರಿ," ಎಂದಳು ಮೊದಲು. ಆಮೇಲೆ ಏನೋ ಹೇಳಲು ಹೋಗಿ ನಗುತ್ತ, ಅಳುತ್ತ, ಬಂದು ಹೇಳುತ್ತೇನೆಂದು ಇಟ್ಟುಬಿಟ್ಟಳು. ಖುರ್ಷಿದಬೇಗಂ ಅತನೂರಿಗೆ ಫೋನು ಮಾಡಿ ಗಂಗಾಬಾಯಿಗೆ "ಬಿದ್ದಿಲ್ಲ" ಎಂಬ ಆ ಒಂದೇ ಶಬ್ದ ತಲುಪಿಸಿದಳು.

ಮುಂದಿನ ಗುರುವಾರ ಡ್ಯೂಟಿ ಮುಗಿಸಿ ಸೃಷ್ಟಿ ಬೈಕಿನ ಮೇಲೆಯೇ ಬಂದಳು. ಅಂಗಡಿಯ ಮುಂದೆ ಅದನ್ನು ಸ್ಟ್ಯಾಂಡಿಗೆ ಏರಿಸಿ, ಮಹಮ್ಮದನ ಕುರ್ಚಿಯನ್ನು ಹಿಂದಿನ ಗಾಲಿಯ ಬಳಿ ಎಳೆದಳು. ತಾನು ಪಕ್ಕದಲ್ಲಿ ಪರೀಕ್ಷೆಯ ಫಲ ಕೇಳುವವಳಂತೆ ನಿಂತಳು.

ಅವನಿಗೆ ಅವಸರವಿರಲಿಲ್ಲ. ಗಾಲಿಯನ್ನು ನಿಧಾನ ತಿರುಗಿಸುತ್ತ, ಹೆಬ್ಬೆರಳನ್ನು ನಡುವಿನಿಂದ ಎಡ ಅಂಚಿನವರೆಗೆ ಒಯ್ದ. ಭಾನುವಾರದ ಹರಕು ಅಲ್ಲಿ ಇರಲಿಲ್ಲ. ಉಳಿದ ಎರಡು ಸಲದ ಓಟದಲ್ಲಿ ಸವೆದು ಸಮನಾಗಿ, ಉಸುಕಿನ ಕಾಗದದಂತೆ ಸಣ್ಣಗೆ ಒರಟಾಗಿತ್ತು. ಅವನು ತಲೆದೂಗಿದ. ಆಮೇಲೆ ಬಲ ಅಂಚು. ಅಲ್ಲಿ ಹೆಬ್ಬೆರಳು ನಿಂತಿತು. ಅಂಚಿನಗುಂಟ ಒಂದು ಬೆರಳಗಲ ರಬ್ಬರು ಇನ್ನೂ ಹೊಸದರ ಹಾಗೇ ಇತ್ತು. ನೆಲ ಮುಟ್ಟಿಯೇ ಇರಲಿಲ್ಲ. ಅವನು ಆ ಪಟ್ಟಿಯ ಮೇಲೆ ಬೆರಳಿಟ್ಟು ಸೃಷ್ಟಿಯ ಕಡೆ ನೋಡಿ, ಅಂಗೈಯನ್ನು ಬಲಕ್ಕೆ ವಾಲಿಸಿದಂತೆ ಮಾಡಿ ಅರ್ಧದಲ್ಲೇ ಗಕ್ಕನೆ ನೆಟ್ಟಗೆ ಮಾಡಿದ. ಅವನ ಭುಜ ಕುಣಿಯುತ್ತಿತ್ತು. ನಗುತ್ತಿದ್ದಾನೆಂದು ಖುರ್ಷಿದಬೇಗಂಗೆ ತಿಳಿಯಲು ತುಸು ಹೊತ್ತು ಬೇಕಾಯಿತು.

"ಬಲಕ್ಕ ಹೊಳ್ಳೂವಾಗ ಅಂಜಿಕಿ ಬರ್ತಿತ್ರಿ," ಎಂದು ಸೃಷ್ಟಿ ಒಪ್ಪಿಕೊಂಡಳು. "ಯಾರಿಗೂ ಗೊತ್ತಾಗಿಲ್ಲ ಅಂದ್ಕೊಂಡಿದ್ದೆ. ಹೆಲ್ಮೆಟ್ಟಿನ್ಯಾಗ ನಾ ಒಬ್ಬಾಕಿನೇ ಇದ್ದೆ. ಟಾಯರ್ ಬಂದು ಹೇಳ್ತದ ಅಂತ ನನಗೇನು ಗೊತ್ತು?"

ಮಹಮ್ಮದ ನಾಲ್ಕು ಬೆರಳು ತೋರಿಸಿದ. ಇಂಥ ಇನ್ನೂ ನಾಲ್ಕು ದಿನಕ್ಕೆ ಈ ಟಯರು ಬಾಳುತ್ತದೆ. ಸೀಮೆಸುಣ್ಣದಿಂದ, ಪಕ್ಕದಲ್ಲಿ ಡೊಂಕು ಗೆರೆಯಿಲ್ಲದೆ, 33 ಎಂದು ಬರೆದ, ರಸ್ತೆಗೆ, ತಣ್ಣಗಿದ್ದಾಗ. ರಬ್ಬರು ಕೆಡದಿರಲೆಂದು ಬಿಸಿಲು ತೋರಿಸಿ ಬೇಡವೆಂದ, ಎದುರಿನ ವೆಲ್ಡಿಂಗ್ ಅಂಗಡಿ ತೋರಿಸಿ ಅದರ ಬಳಿ ನಿಲ್ಲಿಸಬೇಡವೆಂದ, ಡೀಸೆಲ್ ಬಟ್ಟೆ ತೋರಿಸಿ ಒರೆಸಬೇಡವೆಂದ.

"ಅಲ್ಲಿ ಸಂಜೀಕ ಎಲ್ಲಾರು ಬಂದು ನನ್ನ ಟಾಯರ್ ನೋಡಿದ್ರು," ಎಂದಳು ಸೃಷ್ಟಿ. "ನುಣುಪಿನವು ಕೊಡ್ತೇನಿ ಅಂದಿದ್ರಲ್ಲ, ಅವರದು ಐದನೇದಕ್ಕ ಮುಗದೇ ಹೋಗಿತ್ತು. ನಿಂದು ಯಾರು ನೋಡ್ತಾರ ಅಂತ ಕೇಳಿದ್ರು. ಅಫಜಲಪುರದಾಗ ಇಬ್ಬರು ಅದಾರ ಅಂದೆ." ಅವಳು ಹೆಲ್ಮೆಟ್ಟಿನ ಪಟ್ಟಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದಳು. "ನಿನ್ನಿ ಅಪ್ಪ ಮಾತಾಡಿದ್ರು. ಟಾಯರ್ ಸವದಾವೇನು ಅಂದ್ರು. ಅಷ್ಟೇ. ಆದ್ರ ಮಾತಾಡಿದ್ರು. ಚಾಚಾ, ನಿಮ್ಮ ಉಪಕಾರ ನಾ—"

"ಸುಮ್ಮನಿರು," ಎಂದಳು ಖುರ್ಷಿದಬೇಗಂ. ಮಷಿನ್ನಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು. "ಎರಡು ವರ್ಷ ಆತು ಬೇಟಿ, ಇವರ ಹತ್ರ ಬಂದು ಯಾರೂ ಏನೂ ಕೇಳಿದ್ದಿಲ್ಲ. ಉಂಡೀರೇನು, ಮಲಗೀರೇನು, ಅಷ್ಟೇ ಕೇಳ್ತಿದ್ರು. ನಾನೂ ಅಷ್ಟೇ ಕೇಳ್ತಿದ್ದೆ. ನೀ ಬಂದು ಕೇಳಿದಿ." ಸೃಷ್ಟಿಯ ತಲೆಯ ಮೇಲೆ ಕೈಯಿಟ್ಟು, ಹೊತ್ತಾಯಿತು, ಬೆಳಕಿರುವಾಗಲೇ ಊರು ಸೇರು ಎಂದಳು.

ಸೃಷ್ಟಿ ಹೋದ ಮೇಲೆ ಕೋಳಕೂರಿನಿಂದ ಒಬ್ಬ ಜೀಪಿನವನು ಬಂದ. ಕಲ್ಯಾಣಪ್ಪ ಹೇಳಿ ಕಳಿಸಿದ್ದನಂತೆ. ಅವನು ಖುರ್ಷಿದಬೇಗಂಗೆ ನಮಸ್ಕಾರ ಹೇಳಿ, ಕುರ್ಚಿಯ ಬಳಿ ಹೋಗಿ ಕುಕ್ಕರುಗಾಲಿನಲ್ಲಿ ಕೂತ. ಅವನ ನಾಲ್ಕೂ ಗಾಲಿ ನೋಡಿ ಮುಗಿಯುವಾಗ ಮಸೀದಿಯಲ್ಲಿ ಸಂಜೆಯ ಆಜಾನು ಆಗುತ್ತಿತ್ತು.

ಖುರ್ಷಿದಬೇಗಂ ಒಳಗಿನಿಂದ ತಂಬಿಗೆಯಲ್ಲಿ ಬೆಚ್ಚಗಿನ ನೀರು, ಸೋಪು ತಂದು ಗಂಡನ ಎಡಗೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು. ಅಂಗೈಯ ಗೆರೆಗಳಲ್ಲೆಲ್ಲ ರಬ್ಬರಿನ ಕಪ್ಪು ಕೂತಿತ್ತು. ಸೋಪು ಹಚ್ಚಿ ತಿಕ್ಕಿದಳು. ನೀರು ಕಪ್ಪಾಗಿ ಹರಿದು ಅಂಗಡಿಯ ಮುಂದಿನ ಮಣ್ಣಿನಲ್ಲಿ ಇಂಗಿತು. ಎರಡನೆಯ ಸಲ ತಿಕ್ಕಿದಳು. ಅಂಗೈ ಬೆಳ್ಳಗಾಯಿತು, ಹೆಬ್ಬೆರಳಿನ ಉಗುರಿನ ಅಂಚಿನಲ್ಲಿ ಮಾತ್ರ ಕಪ್ಪು ಹಾಗೇ ಉಳಿಯಿತು. ಆಕೆ ಬ್ರಷ್ಷಿಗೆ ಕೈ ಚಾಚಿದಳು. ಆಮೇಲೆ ಅದನ್ನು ಅಲ್ಲಿಯೇ ಬಿಟ್ಟು, ಟವೆಲ್ಲು ತೆಗೆದುಕೊಂಡು, ಒಂದೊಂದೇ ಬೆರಳನ್ನು ಒರೆಸತೊಡಗಿದಳು.